ಕೆಂಪು ಚುಕ್ಕೆಗಳ ನಕ್ಷೆ

“ದವಡಿ ತಗೀಬೇಕಾಗ್ತದವಾ,” ಎಂದು ಉದಯಕುಮಾರ ಕಂಪ್ಯೂಟರ್ ಪರದೆಯ ಕೆಂಪು ಚುಕ್ಕೆಗಳ ಮೇಲೆ ಬೆರಳಿಟ್ಟ. “ನಾಳೆನ ಹುಬ್ಬಳ್ಳಿಗೆ ಹೋಗು.”

ಜುಲಿಯಾನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಳಿಯಾಳದ ಕಡೆಯ ಹಳ್ಳಿಯಿಂದ ದಾಂಡೇಲಿಯ ಈ ಲ್ಯಾಬಿಗೆ ಬಂದವಳು. ಕೆನ್ನೆಯೊಳಗೊಂದು ಬಿಳಿ ಕಲೆ, ಅಷ್ಟೇ. “ಖಾರ ತಿಂದ್ರೂ ಉರಿಯಂಗಿಲ್ರಿ ಸಾಹೇಬ್ರ. ಮನ್ಯಾಗ ದುಡಿಯಾಕಿ ನಾ ಒಬ್ಬಾಕಿ. ದವಡಿ ಹೋದ್ರ ಉಣ್ಣೂದು ಹೆಂಗ?”

“ನಿನಗೇನ್ ಗೊತ್ತಾಗ್ತದ? ಜೀನ್ ಹೇಳ್ತಾವ. ತಂಬಾಕ ಬಿಡ್ರಿ ಅಂದ್ರ ಕೇಳಂಗಿಲ್ಲ ನೀವು.” ಹೀಗೆಂದವನೇ ಜರ್ದಾ ಚಿಟಿಕೆಯನ್ನು ಎಡಗೆನ್ನೆಗೆ ಒತ್ತಿದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಮೇಜಿನ ಮೇಲೆ ಚಹಾ ಆರುತ್ತಿತ್ತು. ಬಿಸಿಯಾಗಿ ಕುಡಿದರೆ ಅವನಿಗೆ ಬಾಯಿ ಉರಿಯುತ್ತಿತ್ತು; ಪಿತ್ತ ಅಂದುಕೊಂಡಿದ್ದ.

ಅಬ್ಬಾ, ಇವನ ಗತ್ತು! ಮಾಂಸದ ಚೂರಿನ ಯಾವ ಜಾಗದಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಲಕ್ಷಗಟ್ಟಲೆ ಅಂಕಿಗಳನ್ನು ಅರೆದು ಬಣ್ಣದ ನಕ್ಷೆ ಬಿಡಿಸುವ ಪ್ರೋಗ್ರಾಂ ಬರೆದಿದ್ದ; ಕೆಂಪು ಅಂದರೆ ಕ್ಯಾನ್ಸರ್. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡುವ ಡಾಕ್ಟರರೆಲ್ಲ ಅವನ ಪಾಲಿಗೆ ಎತ್ತಿನಗಾಡಿಯವರು. ಹೋಲಿಕೆಗೆ ಆರೋಗ್ಯವಂತ ಕೆನ್ನೆ ಬೇಕಾದಾಗ ತನ್ನದೇ ಚೂರು ಕೊಟ್ಟು, ಆ ತ್ಯಾಗವನ್ನು ರಾಮನಗರದ ತನಕ ಡಂಗುರ ಹೊಡೆದಿದ್ದ. ಒಂದೇ ಗಾಜಿನ ಮೇಲೆ ಎರಡೂ ಚೂರು: ಮೇಲೆ ಅವಳದು, ಕೆಳಗೆ ಅವನದು.

“ಇನ್ನೊಮ್ಮೆ ನೋಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ.”

“ಏನ್ ನೋಡೂದು? ಹೊತ್ತಿಗೆ ಸರಿಯಾಗಿ ಸಿಕ್ಕೈತಿ, ಪುಣ್ಯಾ ಅನ್ಕೋ. ತಡಾ ಮಾಡಿದ್ರ ಜೀವಾನ ಹೋಗ್ತದ.”

ಆದರೂ ಅವಳ ಬಾಯಿ ಮುಚ್ಚಿಸಬೇಕಲ್ಲ. ಗಾಜಿನ ಫೋಟೊ ತೆರೆದು, ಮೊದಲ ಸಲ ಅದರ ಮೇಲೆ ನಕ್ಷೆ ಹೊದಿಸಿದ.

ಕೂಡಲಿಲ್ಲ.

ಫೋಟೊದಲ್ಲಿ ಮೇಲಿನ ಚೂರು ಉದ್ದಕ್ಕಿತ್ತು, ಕೆಳಗಿನದು ಗುಂಡಗೆ. ನಕ್ಷೆಯಲ್ಲಿ ಗುಂಡನೆಯದೇ ಮೇಲೆ, ಕೆಂಪಗೆ. ಕ್ಯಾಮೆರಾ ಸಾಲುಗಳನ್ನು ಮೇಲಿನಿಂದ ಎಣಿಸಿತ್ತು. ಅವನ ಪ್ರೋಗ್ರಾಂ ಕೆಳಗಿನಿಂದ. ನಕ್ಷೆಯನ್ನು ತಲೆಕೆಳಗು ಮಾಡಿದ. ಕೆಂಪು ಕೆಳಗಿನ ಚೂರಿಗೆ ಇಳಿಯಿತು.

ಕೂಡಿತು.

ಉದಯಕುಮಾರ ಜರ್ದಾ ಉಗುಳಿ ಬಂದು ಕುಳಿತ.

ಜುಲಿಯಾನಾ ಕಣ್ಣೊರೆಸಿಕೊಂಡು ಎದ್ದಳು. “ಆತ್ರಿ. ಹುಬ್ಬಳ್ಳಿ ಬಸ್ಸು ಎಷ್ಟಕ್ಕೈತಿ, ಹೇಳ್ರಿ.”

“ನೀ ಮನಿಗೆ ಹೋಗವಾ,” ಎಂದ ಉದಯಕುಮಾರ, ಎಡಗೆನ್ನೆ ಹಿಡಿದುಕೊಂಡು. “ಹುಬ್ಬಳ್ಳಿಗೆ ನಾ ಹೋಗ್ತೇನಿ.”