ಕಾರಿಗೆ ಹೊಸ ಕೈ

ಈಗಿನ ಕಾರುಗಳು ಓಡಿಸಿದವರ ಕೈಯನ್ನು ಕಲಿತುಕೊಳ್ಳುತ್ತವೆ, ಅವರು ಓಡಿಸುವ ರೀತಿಯನ್ನು ಮರೆಯುವುದಿಲ್ಲ. ಕಾರ್ ರ‍್ಯಾಲಿಗಳಲ್ಲಿ ಓಡಿಸುತ್ತಿದ್ದ ನನ್ನ ಮಗ ನಂದೀಶ ತೀರಿಕೊಂಡ ಮೇಲೂ ಅವನ ಕಾರು ಅವನಂತೆಯೇ ತಿರುವುಗಳಲ್ಲಿ ನುಗ್ಗುತ್ತಿತ್ತು, ವೀರಭದ್ರನ ಗುಡಿಯೆದುರು ತಾನಾಗಿಯೇ ನಿಲ್ಲುತ್ತಿತ್ತು.

ಸೊಸೆ ಪಾವನಾ ಮೂವತ್ತು ತುಂಬಿದ ದಿನವೇ ಬ್ಯಾಂಕಿನ ಕೆಲಸ ಬಿಟ್ಟು ಬಂದಳು.

“ರ‍್ಯಾಲಿಗೆ ಇಳಿಯುತ್ತೇನೆ, ಮಾವ. ಆದರೆ ಕಾರಿನಿಂದ ಅವರ ಕೈಯನ್ನು ಅಳಿಸಬೇಕು. ಇಲ್ಲದಿದ್ದರೆ ಗೆಲ್ಲುವುದೂ ಅವರೇ, ಸೋಲುವುದೂ ಅವರೇ.”

“ಅವನ ರ‍್ಯಾಲಿ ಕ್ಲಬ್ಬಿನವರು ಏನೆಂದರು?”

“ನಂದೀಶನ ಹಾಗೆ ಓಡಿಸಲು ನಿನ್ನ ಕೈಲಿ ಆಗುವುದಿಲ್ಲ ಎಂದರು.”

“ಅವನೂ ಮೊದಲು ನಮ್ಮ ಕಾಂಪೌಂಡಿಗೇ ಗುದ್ದಿದವನು. ಅಳಿಸಮ್ಮ.”

ಮರುದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಗುಡಿ ಬಂತು. ಕಾರು ನಿಲ್ಲಲಿಲ್ಲ. ನಾನು ಕುಳಿತಲ್ಲೇ ಕೈಮುಗಿದೆ.

“ನಿಲ್ಲಿಸಲಾ, ಮಾವ?”

“ಬೇಡಮ್ಮ, ಓಡಿಸು.”