ರಕ್ತನಿಧಿಯಲ್ಲಿ ಸುಟ್ಟ ಪೆಟ್ಟಿಗೆ

"ಅಯ್ಯೋ ನನ್ನ ಕರ್ಮವೇ... ಮತ್ತೆ ಸುಟ್ರಾ?"

ರಕ್ತನಿಧಿಯ ಬಾಗಿಲಲ್ಲೇ ಇಂಜಿನಿಯರ್ ವನಜಾಕ್ಷಿ ತಲೆ ಚಚ್ಚಿಕೊಂಡಳು.

ರಕ್ತದ ಚೀಲ ಇಡುವ ಕೋಲ್ಡ್ ರೂಮಿನ ಹೊರಗೆ ಅವಳೇ ಹಾಕಿದ್ದ ಡೇಟಾ ಲಾಗರ್ ಅದು. ಒಳಗಿನ ಮೀಟರ್ ವೈರಿನಲ್ಲಿ ಕಳಿಸುವ ಟೆಂಪರೇಚರನ್ನು ಹಗಲೂ ರಾತ್ರಿ ದಾಖಲಿಸುವ ಪುಟ್ಟ ಪೆಟ್ಟಿಗೆ.

ದಾಖಲೆ ತಪ್ಪಿತೋ... ರಕ್ತವನ್ನೆಲ್ಲ ಬಿಸಾಡಬೇಕು. ಹೋದ ಸಲ ಹಾಗೇ ಆಯಿತು. ಈ ಸಲ ನರ್ಸ್ ಒಬ್ಬರು ಥರ್ಮಾಮೀಟರ್ ಹಿಡಿದು ಕೂತು ಬರೆದಿಟ್ಟಿದ್ದರಿಂದ ಬಚಾವ್.

ಮಾಡಿದ್ದು ಯಾರು ಅಂತ ಕೇಳಬೇಕೇ? ಕೋಲ್ಡ್ ರೂಮ್ ನೋಡಿಕೊಳ್ಳುವ ಮಾದಪ್ಪ!

ಶುಕ್ರವಾರ ಬಂದರೆ ಸಾಕು, ಈ ಪುಣ್ಯಾತ್ಮ ಲಾಗರ್‌ನ ವೈರುಗಳನ್ನೆಲ್ಲ ಕಿತ್ತು, ಒರೆಸಿ, ಕುಂಕುಮ ಇಟ್ಟು, ಹೂ ಮುಡಿಸಿ, ಮತ್ತೆ ಸಿಕ್ಕಿಸುತ್ತಿದ್ದ. ಅದೂ ಕರೆಂಟ್ ಆಫ್ ಮಾಡದೆ! ಕರೆಂಟಿನ ವೈರು ಪಕ್ಕದ ಡೇಟಾ ವೈರಿಗೆ ಚೂರು ತಗುಲಿದರೂ ಮುಗೀತು... ಚಟ್!

"ಆಫ್ ಮಾಡಿ ವೈರ್ ಮುಟ್ಟಿ ಅಂತ ಬಡ್ಕೊಂಡೆ. ಗೋಡೆ ಮೇಲೂ ಬರೆದು ಅಂಟಿಸ್ದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯ್ತಲ್ಲ ಮಾದಪ್ಪೋರೆ!"

"ಆಫ್ ಮಾಡಕ್ಕಾಗಲ್ಲ ಮೇಡಮ್ಮೋರೆ..."

"ಯಾಕಾಗಲ್ಲ?"

ಕೇಳಿದಳೇ ಹೊರತು ಉತ್ತರಕ್ಕೆ ಕಾಯಲಿಲ್ಲ. ಅವಳಿಗೆ ಸಾಕಾಗಿ ಹೋಗಿತ್ತು. "ನಿಮ್ಮನ್ನ ಇಲ್ಲಿಂದ ಎತ್ತಂಗಡಿ ಮಾಡ್ಸದೇ ಇದ್ರೆ ಕೇಳಿ!" ಅಂತ ಡಾಕ್ಟರಿಗೆ ದೂರು ಹೇಳಲು ಫೋನ್ ತೆಗೆದೇಬಿಟ್ಟಳು.

ಮಾದಪ್ಪ ಕೈ ಮುಗಿದ.

"ಹಿಂದೆ ಒಬ್ಬ ರಿಪೇರಿಯೋನು ಐದೇ ನಿಮಿಷ ಅಂತ ಈ ಸ್ವಿಚ್ ಆಫ್ ಮಾಡ್ದ... ಆನ್ ಮಾಡದು ಮರ್ತು ಮನೆಗೋದ. ಅಷ್ಟೂ ರಕ್ತ ಕೆಟ್ಟೋಯ್ತು..."

ಅವನು ಕೋಲ್ಡ್ ರೂಮಿನ ಬಾಗಿಲ ಕಡೆ ತಿರುಗಿದ.

"ಮಾರ್ನೆ ದಿನ ನನ್ ತಂಗೀಗೆ ಹೆರಿಗೆ. ರಕ್ತ ಬೇಕು ಅಂದ್ರು... ಇಲ್ಲಿ ಇರ್ನಿಲ್ಲ. ಮಗು ಉಳೀತು, ಅವ್ಳು ಉಳೀನಿಲ್ಲ. ಅವತ್ತಿಂದ ಈ ಸ್ವಿಚ್ ಮುಟ್ಟಕ್ಕೆ ಕೈಯೇ ಬರಲ್ಲ ಮೇಡಮ್ಮೋರೆ..."

ವನಜಾಕ್ಷಿ ಗೋಡೆ ಕಡೆ ನೋಡಿದಳು.

ಹೌದು... ಕೋಲ್ಡ್ ರೂಮಿಗೂ ಲಾಗರ್‌ಗೂ ಒಂದೇ ಸ್ವಿಚ್! ಹಾಗೆ ಕನೆಕ್ಷನ್ ಕೊಟ್ಟಿದ್ದು ಬೇರೆ ಯಾರೂ ಅಲ್ಲ, ಅವಳೇ.

ಸಿಟ್ಟು ಜರ್ರನೆ ಇಳಿಯಿತು. ಕಣ್ಣು ತುಂಬಿ ಬಂತು. ಫೋನ್ ಒಳಗಿಟ್ಟಳು.

ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿ, ಹೊಸ ಲಾಗರ್ ಕೂರಿಸಿ, ಪಕ್ಕದ ಕೋಣೆಯ ಲೈನಿನಿಂದ ಅದಕ್ಕೇ ಅಂತ ಬೇರೆ ಸ್ವಿಚ್ ಹಾಕಿಸಿದಳು.

"ಈಗ ಇದನ್ನ ಆಫ್ ಮಾಡಿ ಅಣ್ಣ..."

ಮಾದಪ್ಪ ಒತ್ತಿದ. ಲಾಗರ್‌ನ ದೀಪ ಆರಿತು...

ಕೋಲ್ಡ್ ರೂಮ್ ಗುಂಯ್ ಎನ್ನುತ್ತಲೇ ಇತ್ತು.

ಬಾಗಿಲಿಗೆ ಕಿವಿ ಇಟ್ಟು ಕೇಳಿದ. ಇನ್ನೊಮ್ಮೆ ಕೇಳಿದ. ಅಲ್ಲೇ ಕುಸಿದು ಕೂತು ಅತ್ತುಬಿಟ್ಟ.

ಆಮೇಲೆ ಕಣ್ಣೊರೆಸಿಕೊಂಡು, ತಾನೇ ವೈರು ಕಿತ್ತು, ಮತ್ತೆ ಸಿಕ್ಕಿಸಿ, ಮೆಲ್ಲಗೆ ಎಳೆದು ನೋಡಿ, ಸ್ವಿಚ್ ಹಾಕಿದ. ದೀಪ ಹೊತ್ತಿಕೊಂಡಿತು.

"ಶುಕ್ರವಾರ ಪೂಜೆ ಮಾಡ್ಬೋದಾ ಮೇಡಮ್ಮೋರೆ?"

"ಮಾಡಿ ಮಾರಾಯ್ರೆ! ನೀರು ಚಿಮುಕಿಸಿದ್ರೆ ಮಾತ್ರ ನಾನು ಸುಮ್ನಿರಲ್ಲ!"

*

ಹೇಳಿದ ಮಾತು ಕೇಳದವರೆಲ್ಲ ಹಠಮಾರಿಗಳಲ್ಲ... ಕೆಲವರ ಹಠದ ಹಿಂದೆ ಮಾಯದ ಗಾಯ ಇರುತ್ತದೆ.

ನೀವು ದಿನಾ ಗದರುವ ಆ ಒಬ್ಬರನ್ನು "ಯಾಕೆ?" ಅಂತ ಕೇಳಿ, ಉತ್ತರಕ್ಕೆ ಒಂದು ಸಲವಾದರೂ ಕಾದಿದ್ದೀರಾ?