ಪಾಸಾದ ಮಣ್ಣು

ಡಾಂಬರು ಹಾಕುವ ಮೊದಲು ರಸ್ತೆಯ ತಳಮಣ್ಣು ಗಟ್ಟಿಯಿದೆಯೇ ಎಂದು ನೋಡಲು ವಾರಿಜಾ ಪರೀಕ್ಷಾ ಯಂತ್ರದ ಹತ್ತು ಕೆಜಿ ತೂಕವನ್ನು ಎತ್ತಿ ಬೀಳಿಸಿದಳು. ಬೇಕಿದ್ದ ಅಂಕಿ ನಲವತ್ತೈದು, ಬಂದದ್ದು ಹನ್ನೆರಡು.

"ಫೇಲ್ ಸಾರ್. ಮಣ್ಣು ತುಂಬಾ ಮೆತ್ತಗಿದೆ."

"ನಾಳೇನೇ ಡಾಂಬರು ಬೀಳ್ಬೇಕು ಕಣಮ್ಮ," ಎಂದರು ಎಂಜಿನಿಯರ್ ಭೋಜರಾಜ್. "ಅಲ್ಲೇ ಇನ್ನೊಂದೇಟು ಹಾಕು."

ಹದಿನೆಂಟು ಬಂತು.

"ನೋಡಿದ್ಯಾ, ಏರ್ತಾ ಇದೆ! ಹಾಕ್ತಾ ಇರು."

"ಸಾರ್, ಏಟು ಬಿದ್ದಷ್ಟೂ ಅದೊಂದು ಜಾಗ ಗಟ್ಟಿಯಾಗುತ್ತೆ, ಅಷ್ಟೇ."

"ನಿನ್ನ ಕೇಳಿದ್ನಾ?"

ಮೂವತ್ತನೇ ಏಟಿಗೆ ಅವಳ ರಟ್ಟೆ ಬಿದ್ದುಹೋಯಿತು, ಅಂಕಿ ನಲವತ್ತಾರಾಯಿತು. ಮಗಳಿಗೆ ರ‍್ಯಾಂಕ್ ಬಂದಷ್ಟು ಹಿಗ್ಗಿದ ಸಾಹೇಬರು ನಿಂತಲ್ಲೇ ವರದಿಗೆ ಸಹಿ ಜಡಿದರು. ಆಮೇಲೆ ಯಂತ್ರದ ಕೆಳಗೆ ಗೇಣಾಳ ಕುಸಿದಿದ್ದ ನೆಲವನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನಮ್ಮಾ ಇಷ್ಟು ದೊಡ್ಡ ಗುಂಡಿ? ಪಕ್ಕದಿಂದ ನಾಲ್ಕು ಬುಟ್ಟಿ ಮಣ್ಣು ಸುರಿದು ಮುಚ್ಚಿಸಿಬಿಡು."